ನೇರಳೆ ಹಳದಿಯಾದರೆ ಸಾಕೇ?

ಔಷಧಿ ಗಿಡಗಳ ಬಗ್ಗೆ ಏನೇ ಓದಿ, 'ಇದರಲ್ಲಿ ಆಂಟಿಆಕ್ಸಿಡೆಂಟ್ ಜಾಸ್ತಿ' ಅನ್ನೋ ಮಾತು ಬಂದೇ ಬರುತ್ತದೆ. ಆಂಟಿಆಕ್ಸಿಡೆಂಟ್ ಅಂದರೆ ಫ್ರೀ ರ‍್ಯಾಡಿಕಲ್ ಎಂಬ ಚಂಚಲ ಅಣುಗಳಿಗೆ ಎಲೆಕ್ಟ್ರಾನ್ ಕೊಟ್ಟು ತಣ್ಣಗಾಗಿಸುವ ವಸ್ತು. ಈ ಗುಣವನ್ನು ಅಳೆಯುವುದು ಹೇಗೆ? ಡಿಪಿಪಿಎಚ್ ಎಂಬ ಫ್ರೀ ರ‍್ಯಾಡಿಕಲ್ ರಾಸಾಯನಿಕವನ್ನು ಮೆಥನಾಲ್‌ನಲ್ಲಿ ಕರಗಿಸಿದರೆ ಕಡು ನೇರಳೆ ಬಣ್ಣ ಬರುತ್ತದೆ. ಅದಕ್ಕೆ ಎಲೆಯದೋ ಬೇರಿನದೋ ಸಾರ ಬೆರೆಸಿ, ಸುಮಾರು ಅರ್ಧ ಗಂಟೆ ಕತ್ತಲಲ್ಲಿ ಇಡುತ್ತಾರೆ. ನೇರಳೆ ಮಾಸಿ ಹಳದಿಗೆ ತಿರುಗಿದಷ್ಟೂ ಸಾರಕ್ಕೆ ಅಂಕ ಜಾಸ್ತಿ. ತುಳಸಿ, ನೆಲ್ಲಿ, ಅರಿಶಿನ ಎಲ್ಲವೂ ಇದರಲ್ಲಿ ಪಾಸು. ತಮಾಷೆ ಏನೆಂದರೆ, ಈ ಡಿಪಿಪಿಎಚ್ ನಮ್ಮ ದೇಹದಲ್ಲಿ ಇಲ್ಲವೇ ಇಲ್ಲ.

ದೇಹದ ಕಥೆ ಬೇರೆ. ಜೀವಕೋಶದೊಳಗಿನ ಮೈಟೋಕಾಂಡ್ರಿಯಾ ಶಕ್ತಿ ತಯಾರಿಸುವಾಗ ಒಂದಿಷ್ಟು ಎಲೆಕ್ಟ್ರಾನುಗಳು ದಾರಿ ತಪ್ಪಿ ಆಕ್ಸಿಜನ್‌ಗೆ ಅಂಟಿಕೊಳ್ಳುತ್ತವೆ. ಹಾಗೆ ಹುಟ್ಟುವುದೇ ಸೂಪರ್‌ಆಕ್ಸೈಡ್ ಎಂಬ ಫ್ರೀ ರ‍್ಯಾಡಿಕಲ್. ಅದರಿಂದ ಹೈಡ್ರೋಜನ್ ಪೆರಾಕ್ಸೈಡ್. ಇಂಥವು ಮಿತಿ ಮೀರಿ ಕೊಬ್ಬು, ಪ್ರೋಟೀನು, ಡಿಎನ್‌ಎ ಹಾಳುಮಾಡುವ ಸ್ಥಿತಿಗೆ ಆಕ್ಸಿಡೇಟಿವ್ ಸ್ಟ್ರೆಸ್ ಅಂತಾರೆ. ಹಾಗಂತ ಇವು ಬರೀ ಕಸವೂ ಅಲ್ಲ. ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾ ಕೊಲ್ಲಲು ಬೇಕೆಂದೇ ಸೂಪರ್‌ಆಕ್ಸೈಡ್ ತಯಾರಿಸುತ್ತವೆ.

ಆಂಟಿಆಕ್ಸಿಡೆಂಟ್ ಮಾತ್ರೆ ನುಂಗಿದರೆ ಮುಗೀತು ಅನ್ನುವ ನಂಬಿಕೆಗೆ 1994ರಲ್ಲಿ ದೊಡ್ಡ ಪೆಟ್ಟು ಬಿತ್ತು. ಫಿನ್‌ಲ್ಯಾಂಡ್‌ನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ನಡೆದ ಪ್ರಯೋಗ ಅದು. ಕ್ಯಾರೆಟ್‌ನಲ್ಲಿರುವ ಆಂಟಿಆಕ್ಸಿಡೆಂಟ್ ಆದ ಬೀಟಾ ಕ್ಯಾರೋಟಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿಲ್ಲ, ಶೇ 18ರಷ್ಟು ಹೆಚ್ಚಾಯಿತು!

ಹಾಗಾದರೆ ಗಿಡಗಳದ್ದೆಲ್ಲ ಸುಳ್ಳಾ? ಅಲ್ಲ. ಅರಿಶಿನದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಅತ್ಯಲ್ಪ. ಅಷ್ಟರಿಂದ ಫ್ರೀ ರ‍್ಯಾಡಿಕಲ್‌ಗಳನ್ನೆಲ್ಲ ನೇರವಾಗಿ ಹಿಡಿದು ಹಾಕಲು ಆಗದು. ಆದರೆ ಇಂಥ ಅಣುಗಳಿಗೆ ಇನ್ನೊಂದು ಕೆಲಸವೂ ಗೊತ್ತು. ಜೀವಕೋಶದಲ್ಲಿ ಎನ್‌ಆರ್‌ಎಫ್2 ಎಂಬ ಪ್ರೋಟೀನನ್ನು ಕೀಪ್1 ಎಂಬ ಇನ್ನೊಂದು ಪ್ರೋಟೀನು ಕಟ್ಟಿಹಾಕಿರುತ್ತದೆ. ಬ್ರೊಕೊಲಿಯ ಸಲ್ಫೊರಾಫೇನ್ ಕೀಪ್1ಗೆ ಹೋಗಿ ಅಂಟಿಕೊಂಡರೆ ಹಿಡಿತ ಸಡಿಲವಾಗುತ್ತದೆ. ಎನ್‌ಆರ್‌ಎಫ್2 ಕೋಶಕೇಂದ್ರಕ್ಕೆ ಹೋಗಿ ರಕ್ಷಣೆಯ ಕಿಣ್ವಗಳನ್ನು ತಯಾರಿಸುವ ಜೀನ್‌ಗಳನ್ನು ಆನ್ ಮಾಡುತ್ತದೆ. ಲ್ಯಾಬಿನಲ್ಲಿ ಬೆಳೆಸಿದ ಕೋಶಗಳಲ್ಲಿ ಕರ್ಕ್ಯುಮಿನ್ ಕೂಡ ಇದನ್ನೇ ಮಾಡುತ್ತದೆ. ಅಂದರೆ ಗಿಡ ತಾನೇ ಹೋರಾಡುವುದಕ್ಕಿಂತ ನಮ್ಮ ಕೋಶವನ್ನು ಎಬ್ಬಿಸುವುದೇ ಜಾಸ್ತಿ. ನನಗಂತೂ ಬಣ್ಣದ ಪರೀಕ್ಷೆಗಿಂತ ಇದೇ ಹೆಚ್ಚು ಕುತೂಹಲದ ವಿಷಯ. ವಿಟಮಿನ್ ಸಿ ಅಣು ಒಂದೆರಡು ಎಲೆಕ್ಟ್ರಾನ್ ಕೊಟ್ಟು ಸುಸ್ತಾದರೆ, ನಮ್ಮದೇ ಕೆಟಲೇಸ್ ಕಿಣ್ವದ ಒಂದೇ ಅಣು ಸೆಕೆಂಡಿಗೆ ಲಕ್ಷಗಟ್ಟಲೆ ಪೆರಾಕ್ಸೈಡ್ ಅಣುಗಳನ್ನು ಒಡೆಯಬಲ್ಲದು.

ಎಬ್ಬಿಸಲು ಸ್ವಲ್ಪ ಸಾಕು. ಜಾಸ್ತಿಯಾದರೆ ಏನಾಗುತ್ತದೆ ಎನ್ನುವುದಕ್ಕೆ ಗ್ರೀನ್ ಟೀ ನೋಡಿ. ಕುಡಿಯುವ ಚಹಾ ಸಾಮಾನ್ಯವಾಗಿ ಸುರಕ್ಷಿತ. ಅದರ ಇಜಿಸಿಜಿ ಅಂಶವನ್ನೇ ಸಾಂದ್ರಗೊಳಿಸಿ ಮಾತ್ರೆಯಾಗಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಂಡರೆ ಲಿವರ್‌ಗೆ ತೊಂದರೆಯಾಗಬಹುದು ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಹೇಳಿದೆ.