ಡ್ರಾಫ್ಟ್: ಎಳೆಯ ಗಾರ್ಡ್ ಒಬ್ಬನನ್ನು ತಂಡ ಆರಿಸಿಕೊಳ್ಳುವ ಬಗೆ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಕಾಲೇಜುಗಳಿಂದಲೂ ಹೊರದೇಶಗಳ ಕ್ಲಬ್‌ಗಳಿಂದಲೂ ಬರುವ ಹೊಸ ಆಟಗಾರರನ್ನು ತಂಡಗಳು ಪ್ರತಿ ವರ್ಷ ಸರದಿಯ ಪ್ರಕಾರ ಆರಿಸಿಕೊಳ್ಳುವ ವ್ಯವಸ್ಥೆಗೆ ಡ್ರಾಫ್ಟ್ ಎಂದು ಹೆಸರು. ಐಪಿಎಲ್ ಹರಾಜನ್ನು ನೋಡಿ ಬಲ್ಲ ನಮ್ಮ ಓದುಗರು ಒಂದು ವ್ಯತ್ಯಾಸವನ್ನು ಮೊದಲೇ ಗಮನಿಸಬೇಕು. ಹರಾಜಿನಲ್ಲಿ ಹೆಚ್ಚು ಹಣ ಕೂಗಿದವರಿಗೆ ಆಟಗಾರ ಸಿಗುತ್ತಾನೆ. ಡ್ರಾಫ್ಟ್‌ನಲ್ಲಿ ಕೂಗುವ ಮಾತೇ ಇಲ್ಲ. ಯಾರ ಸರದಿ ಬಂದಿದೆಯೋ ಆ ತಂಡ ಒಬ್ಬನ ಹೆಸರು ಹೇಳುತ್ತದೆ, ಆಮೇಲೆ ಲೀಗ್‌ನಲ್ಲಿ ಅವನೊಡನೆ ಒಪ್ಪಂದ ಮಾಡಿಕೊಳ್ಳುವ ಹಕ್ಕು ಆ ತಂಡಕ್ಕಷ್ಟೇ ಇರುತ್ತದೆ. ಮೊದಲ ಸುತ್ತಿನಲ್ಲಿ ಆಯ್ಕೆಯಾದವನ ಸಂಬಳ ಎಷ್ಟೆಂಬುದನ್ನು ಕೂಡ 1995ರಿಂದ ಸರದಿಯ ಸಂಖ್ಯೆಯೇ ಬಹುಮಟ್ಟಿಗೆ ನಿರ್ಧರಿಸುತ್ತದೆ. 30 ತಂಡಗಳಿಗೆ ಎರಡು ಸುತ್ತು, ಒಟ್ಟು 60 ಆಯ್ಕೆಗಳು. ಇವುಗಳಲ್ಲಿ ಯಾವುದನ್ನಾದರೂ ತಂಡಗಳು ಮುಂಚಿತವಾಗಿಯೇ ಬೇರೆ ತಂಡಕ್ಕೆ ಬಿಟ್ಟುಕೊಟ್ಟು ಬದಲಿಗೆ ಆಟಗಾರರನ್ನು ಪಡೆಯಬಹುದು.

ಸರದಿಯ ಮೂಲ ತತ್ವ ಸರಳವಾದದ್ದು: ಹಿಂದಿನ ಸೀಸನ್‌ನಲ್ಲಿ ಹೆಚ್ಚು ಸೋತವರಿಗೆ ಮೊದಲ ಅವಕಾಶ. ಆದರೆ ಇದನ್ನು ಹಾಗೆಯೇ ಪಾಲಿಸಿದರೆ ಕೆಳಗಿನ ತಂಡಗಳಿಗೆ ಬೇಕೆಂದೇ ಸೋಲುವ ಆಸೆ ಹುಟ್ಟುತ್ತದೆ. ಅದಕ್ಕಾಗಿ 1985ರಿಂದ ಲಾಟರಿ ಬಂತು. ಕೊನೆಯ ಸ್ಥಾನದ ತಂಡಕ್ಕೆ ಮೊದಲ ಆಯ್ಕೆ ಸಿಗುವ ಸಂಭವ ಒಂದು ಕಾಲಕ್ಕೆ ಶೇ 25ರಷ್ಟಿದ್ದುದನ್ನು 2019ರಲ್ಲಿ ಶೇ 14ಕ್ಕೆ ಇಳಿಸಿದ್ದು ಇದೇ ಆಸೆಯನ್ನು ತಡೆಯುವುದಕ್ಕೆ. ಆಟಗಾರನಿಗೂ ಒಂದು ನಿಯಮವಿದೆ; 2006ರ ಡ್ರಾಫ್ಟ್‌ನಿಂದ ಈಚೆಗೆ ಹೈಸ್ಕೂಲ್ ಮುಗಿಸಿದ ಹುಡುಗ ನೇರವಾಗಿ ಬರುವಂತಿಲ್ಲ, ಆ ವರ್ಷದೊಳಗೆ ಅವನಿಗೆ 19 ತುಂಬಬೇಕು.

ಇನ್ನು ಗಾರ್ಡ್ ಎಂಬ ಮಾತಿಗೆ ಬರೋಣ. ಅಂಕಣದಲ್ಲಿರುವ ಐವರಲ್ಲಿ ಸಾಮಾನ್ಯವಾಗಿ ಇಬ್ಬರು ಗಾರ್ಡ್‌ಗಳು. ಚೆಂಡನ್ನು ಮುಂದಕ್ಕೆ ತಂದು ದಾಳಿಯನ್ನು ಹೆಣೆಯುವವನು ಪಾಯಿಂಟ್ ಗಾರ್ಡ್, ದೂರದಿಂದ ಗುರಿಯಿಟ್ಟು ಅಂಕ ಗಳಿಸುವ ಹೊಣೆ ಹೆಚ್ಚಾಗಿ ಶೂಟಿಂಗ್ ಗಾರ್ಡ್‌ನದು. ಬುಟ್ಟಿಯ ಬಳಿ ಆಡುವ ಏಳು ಅಡಿಯ ಸೆಂಟರ್ ಆಟಗಾರನ ಎತ್ತರ ಎಲ್ಲರ ಕಣ್ಣಿಗೂ ಕಾಣುತ್ತದೆ. ಗಾರ್ಡ್‌ನ ಬೆಲೆ ಇರುವುದು ಅರೆಕ್ಷಣದಲ್ಲಿ ಅವನು ಕೈಗೊಳ್ಳುವ ತೀರ್ಮಾನಗಳಲ್ಲಿ, ಅವನ್ನು ಅಳತೆಪಟ್ಟಿ ಹಿಡಿದು ಅಳೆಯಲಾಗುವುದಿಲ್ಲ. ಕಾಲೇಜಿನ ಎದುರಾಳಿಗಳು ವೃತ್ತಿಪರರಿಗಿಂತ ನಿಧಾನ, ಮೈಕಟ್ಟಿನಲ್ಲೂ ಕಡಿಮೆ. ಯಾವುದರಾಚೆಯಿಂದ ಚೆಂಡು ಹಾಕಿದರೆ ಮೂರು ಅಂಕ ಸಿಗುತ್ತದೆಯೋ ಆ ಗೆರೆಯೂ ಅಲ್ಲಿ ಬುಟ್ಟಿಗೆ ಹತ್ತಿರ. 2008–09ರಲ್ಲಿ ಕಾಲೇಜಿನ ಆ ಗೆರೆ 20 ಅಡಿ 9 ಇಂಚು ದೂರದಲ್ಲಿದ್ದರೆ ಎನ್‌ಬಿಎಯಲ್ಲಿ ಅದು, ಎರಡು ಮೂಲೆಗಳನ್ನು ಬಿಟ್ಟು, 23 ಅಡಿ 9 ಇಂಚಿನಲ್ಲಿತ್ತು. ಅಲ್ಲಿ ಸಲೀಸಾಗಿ ಬಿದ್ದ ಚೆಂಡು ಇಲ್ಲಿಯೂ ಬೀಳುತ್ತದೆಯೇ ಎಂಬ ಅನುಮಾನ ಸಹಜವಾದದ್ದೇ.

ಈ ಅನುಮಾನಗಳೆಲ್ಲ ಒಬ್ಬನೇ ಆಟಗಾರನ ಮೇಲೆ ಬಂದು ಬಿದ್ದದ್ದು 2009ರಲ್ಲಿ. ಉತ್ತರ ಕ್ಯಾರೊಲೈನಾದ ಡೇವಿಡ್‌ಸನ್ ಎಂಬ ಪುಟ್ಟ ಕಾಲೇಜಿನ ಸ್ಟೀಫನ್ ಕರ್ರಿ ಆ ಸೀಸನ್‌ನಲ್ಲಿ ಪಂದ್ಯಕ್ಕೆ ಸರಾಸರಿ 28.6 ಅಂಕ ಗಳಿಸಿ ಇಡೀ ದೇಶದ ಕಾಲೇಜು ಆಟಗಾರರಲ್ಲಿ ಮೊದಲಿಗರಾಗಿದ್ದರು. ತಂದೆ ಡೆಲ್ ಕರ್ರಿ ಎನ್‌ಬಿಎಯ ಹೆಸರಾಂತ ಗುರಿಕಾರರಾಗಿದ್ದವರು. ಹಾಗಿದ್ದರೂ ತಕರಾರುಗಳಿಗೆ ಕೊರತೆ ಇರಲಿಲ್ಲ. ಮೈ ತೆಳು. ಶೂಟಿಂಗ್ ಗಾರ್ಡ್ ಆಗುವಷ್ಟು ಎತ್ತರವಿಲ್ಲ. ಪಾಯಿಂಟ್ ಗಾರ್ಡ್ ಆಗಿ ಆಡಿದ ಅನುಭವವೂ ಅಷ್ಟಕ್ಕಷ್ಟೇ, ಏಕೆಂದರೆ ಮೊದಲ ಎರಡು ವರ್ಷ ಆ ಜಾಗದಲ್ಲಿ ಜೇಸನ್ ರಿಚರ್ಡ್ಸ್ ಇದ್ದರು. ಅವರು ಕಾಲೇಜು ಮುಗಿಸಿ ಹೋದ ಮೇಲಷ್ಟೇ, ಮೂರನೆಯ ವರ್ಷದಲ್ಲಿ, ತಂಡದ ಚುಕ್ಕಾಣಿ ಕರ್ರಿಯವರ ಕೈಗೆ ಬಂದಿತ್ತು.

ಆ ಮೂರನೆಯ ವರ್ಷದ ಒಂದು ಪಂದ್ಯವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. 2008ರ ನವೆಂಬರ್‌ನಲ್ಲಿ ಮೇರಿಲ್ಯಾಂಡ್‌ನ ಲೊಯೊಲಾ ತಂಡದ ತರಬೇತುದಾರರು ಪಂದ್ಯದುದ್ದಕ್ಕೂ ಇಬ್ಬರನ್ನು ಕರ್ರಿಯವರ ಮೈಮೇಲೆಯೇ ಬಿಟ್ಟರು. ಕರ್ರಿ ಹಟಕ್ಕೆ ಬಿದ್ದು ಅವರ ನಡುವೆ ನುಗ್ಗಲು ಹೋಗಲಿಲ್ಲ. ಅಂಕಣದ ಮೂಲೆಗೆ ಹೋಗಿ ನಿಂತು ಆ ಇಬ್ಬರನ್ನೂ ಅಲ್ಲಿಯೇ ಕಟ್ಟಿಹಾಕಿದರು. ಉಳಿದ ಮೂವರು ಎದುರಾಳಿಗಳ ವಿರುದ್ಧ ಡೇವಿಡ್‌ಸನ್‌ನ ನಾಲ್ವರು ಆಡಿದರು. ಕರ್ರಿ ಗಳಿಸಿದ್ದು ಸೊನ್ನೆ, ಡೇವಿಡ್‌ಸನ್ ಗೆದ್ದದ್ದು 78–48ರಿಂದ. ಅಂಕಪಟ್ಟಿಯಷ್ಟನ್ನೇ ಓದುವವರಿಗೆ ಇದು ಅವರ ಅತ್ಯಂತ ಕೆಟ್ಟ ಪಂದ್ಯ. ನನ್ನ ಮಟ್ಟಿಗೆ, ಒಬ್ಬ ಎಳೆಯ ಗಾರ್ಡ್‌ನಲ್ಲಿ ಹುಡುಕಬೇಕಾದ ಗುಣಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

2009ರ ಜೂನ್ 25ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಡ್ರಾಫ್ಟ್ ನಡೆಯಿತು. ಮೊದಲ ಸುತ್ತಿನಲ್ಲಿ ಪ್ರತಿ ತಂಡಕ್ಕೆ ಐದು ನಿಮಿಷದ ಕಾಲಾವಕಾಶ. ಮಿನೆಸೋಟದ ಬಳಿ 5 ಮತ್ತು 6ನೆಯ ಆಯ್ಕೆಗಳೆರಡೂ ಇದ್ದವು. 5ನೆಯದನ್ನು ಅದು ಕೆಲವೇ ದಿನಗಳ ಹಿಂದೆ ವಾಷಿಂಗ್ಟನ್ ತಂಡದಿಂದ ಪಡೆದಿತ್ತು. ಪಾಯಿಂಟ್ ಗಾರ್ಡ್ ಬೇಕಾಗಿದ್ದ ಆ ತಂಡ ಎರಡು ಸರದಿಗಳಲ್ಲೂ ಪಾಯಿಂಟ್ ಗಾರ್ಡ್‌ಗಳನ್ನೇ ಆರಿಸಿತು, ಸ್ಪೇನ್‌ನ ರಿಕಿ ರುಬಿಯೊ ಮತ್ತು ಸಿರಾಕ್ಯೂಸ್ ವಿಶ್ವವಿದ್ಯಾಲಯದ ಜಾನಿ ಫ್ಲಿನ್; ಕರ್ರಿ ಉಳಿದರು. ರುಬಿಯೊ ಸ್ಪೇನ್‌ನಿಂದ ಬಂದು ಸೇರಿದ್ದು 2011ರಲ್ಲಿ. ಫ್ಲಿನ್ ಅವರ ಆಟವನ್ನು ಸೊಂಟದ ಗಾಯ ಕೆಡಿಸಿತು, ಅದನ್ನು ಮೊದಲೇ ಯಾರೂ ಊಹಿಸುವಂತಿರಲಿಲ್ಲ. ಆದ್ದರಿಂದ ಮಿನೆಸೋಟವನ್ನು ಫಲಿತಾಂಶವೊಂದನ್ನೇ ಹಿಡಿದು ಹಳಿಯುವುದು ಸರಿಯಲ್ಲ.

7ನೆಯ ಸರದಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ್ದು. ಹಿಂದಿನ ಸೀಸನ್‌ನಲ್ಲಿ 29 ಗೆದ್ದು 53 ಸೋತಿದ್ದ ಈ ತಂಡದಲ್ಲಿ ಆಗಲೇ ಮಾಂಟಾ ಎಲ್ಲಿಸ್ ಎಂಬ ಗಾರ್ಡ್ ಇದ್ದರು. ಅವರೂ ಹೆಚ್ಚು ಎತ್ತರದವರಲ್ಲ, ಅವರದೂ ಅಂಕ ಗಳಿಸುವ ಆಟವೇ. ಇಲ್ಲಿ ಡ್ರಾಫ್ಟ್‌ನ ಹಳೆಯ ವಾದ ಎದುರಾಗುತ್ತದೆ. ತಂಡದಲ್ಲಿ ಯಾವ ಸ್ಥಾನ ಖಾಲಿಯಿದೆಯೋ ಅದಕ್ಕೆ ತಕ್ಕವನನ್ನು ತರಬೇಕೆಂಬುದು ಒಂದು ಪಕ್ಷ. ಖಾಲಿ ಸ್ಥಾನದ ಚಿಂತೆ ಬಿಟ್ಟು, ಉಳಿದಿರುವವರಲ್ಲಿ ಎಲ್ಲರಿಗಿಂತ ಸಮರ್ಥನನ್ನು ತರಬೇಕೆಂಬುದು ಇನ್ನೊಂದು. ಇದನ್ನೇ ಅಲ್ಲಿನವರು ಬೆಸ್ಟ್ ಪ್ಲೇಯರ್ ಅವೈಲಬಲ್ ಎನ್ನುತ್ತಾರೆ. ಲ್ಯಾರಿ ರೈಲಿ ಜನರಲ್ ಮ್ಯಾನೇಜರ್ ಆಗಿದ್ದ, ಡಾನ್ ನೆಲ್ಸನ್ ತರಬೇತುದಾರರಾಗಿದ್ದ ವಾರಿಯರ್ಸ್ ಎರಡನೆಯ ಪಕ್ಷವನ್ನು ಹಿಡಿದು ಕರ್ರಿಯವರನ್ನು ಆರಿಸಿತು. 8ನೆಯ ಸರದಿಯಲ್ಲಿ ಅವರನ್ನು ಪಡೆಯುವ ಆಸೆಯಲ್ಲಿದ್ದ ನ್ಯೂಯಾರ್ಕ್ ಅಭಿಮಾನಿಗಳು ಸಭಾಂಗಣದಲ್ಲೇ ಬೇಸರ ತೋಡಿಕೊಂಡರು. ಸೀಸನ್ ಶುರುವಾಗುವ ಮುನ್ನವೇ ಎಲ್ಲಿಸ್, ಇಬ್ಬರು ಕುಳ್ಳ ಗಾರ್ಡ್‌ಗಳು ಒಟ್ಟಿಗೆ ಆಡಿ ಗೆಲ್ಲಲಾಗದು ಎಂಬ ಅರ್ಥದ ಮಾತನ್ನು ಬಹಿರಂಗವಾಗಿಯೇ ಆಡಿದರು.

ಇದೇ ಇಕ್ಕಟ್ಟನ್ನು ಬೆಂಗಳೂರಿನ ಕ್ರಿಕೆಟ್ ಅಭಿಮಾನಿಗಳು ಬೇರೆ ರೂಪದಲ್ಲಿ ಕಂಡಿದ್ದಾರೆ. 2008ರಲ್ಲಿ, ಐಪಿಎಲ್‌ನ ಮೊದಲ ವರ್ಷ, 19 ವರ್ಷದೊಳಗಿನ ಆಟಗಾರರನ್ನು ಹರಾಜಿಗಿಡದೆ ಡ್ರಾಫ್ಟ್ ಮೂಲಕವೇ ಹಂಚಲಾಯಿತು. ಸೆಹ್ವಾಗ್, ಗಂಭೀರ್ ಅವರಂಥ ಬ್ಯಾಟರ್‌ಗಳಿದ್ದ ದೆಹಲಿ ತನ್ನ ಊರಿನವರೇ ಆದ ವಿರಾಟ್ ಕೊಹ್ಲಿಯನ್ನು ಬಿಟ್ಟು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿತು. ಕೊಹ್ಲಿ ರಾಯಲ್ ಚಾಲೆಂಜರ್ಸ್‌ಗೆ ಬಂದರು.

ಕೆಳಗಿನ ಸ್ಥಾನದಲ್ಲಿರುವ ತಂಡ ಸಾಮರ್ಥ್ಯದ ಪಕ್ಷವನ್ನೇ ಹಿಡಿಯಬೇಕೆಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಅಂಥ ತಂಡದಲ್ಲಿ ಇಂದು ಭರ್ತಿಯಾಗಿರುವ ಸ್ಥಾನ ಎರಡು ವರ್ಷದಲ್ಲಿ ಖಾಲಿಯಾಗಬಹುದು. ಒಂದೇ ಸ್ಥಾನಕ್ಕೆ ಇಬ್ಬರಾದರೆ ಒಬ್ಬರನ್ನು ಬಿಟ್ಟುಕೊಟ್ಟು ಬೇಕಾದವರನ್ನು ತರಬಹುದು. ಬಿಟ್ಟುಹೋದ ಅಪರೂಪದ ಆಟಗಾರನನ್ನು ಮತ್ತೆ ಪಡೆಯುವುದು ಮಾತ್ರ ಬಲು ಕಷ್ಟ. ವಾರಿಯರ್ಸ್ ಮಾಡಿದ್ದೂ ಅದನ್ನೇ. ಮೊದಲ ಸೀಸನ್‌ನಲ್ಲಿ ಪಂದ್ಯಕ್ಕೆ 17.5 ಅಂಕ ಗಳಿಸಿದ ಕರ್ರಿಯವರನ್ನು, ಆಮೇಲೆ ಅವರ ಪಾದದ ಕೀಲು ಮತ್ತೆಮತ್ತೆ ಉಳುಕಿ ಭವಿಷ್ಯವೇ ಮಸುಕಾಗಿ ಕಂಡ ದಿನಗಳಲ್ಲೂ ಅದು ಉಳಿಸಿಕೊಂಡಿತು. 2012ರ ಮಾರ್ಚ್‌ನಲ್ಲಿ ಎಲ್ಲಿಸ್ ಅವರನ್ನು ಮಿಲ್ವಾಕಿ ತಂಡಕ್ಕೆ ಬಿಟ್ಟುಕೊಟ್ಟು, ನಿಜವಾಗಿ ಕೊರತೆಯಿದ್ದ ಸೆಂಟರ್ ಸ್ಥಾನಕ್ಕೆ ಆಸ್ಟ್ರೇಲಿಯದ ಆಂಡ್ರ್ಯೂ ಬೋಗಟ್ ಅವರನ್ನು ತಂದಿತು. 1975ರ ಬಳಿಕ ಮೊದಲ ಬಾರಿಗೆ, 2015ರಲ್ಲಿ, ವಾರಿಯರ್ಸ್ ಚಾಂಪಿಯನ್ ಆದಾಗ ಬೋಗಟ್ ಮತ್ತು ಕರ್ರಿ ಇಬ್ಬರೂ ಆ ತಂಡದಲ್ಲಿದ್ದರು.