ಸುತ್ತಿಗೆಯನ್ನಲ್ಲ, ಥೋರ್‌ನ ಮುಖವನ್ನು ನೋಡಿ

ಕಾಸರಗೋಡಿನ ನನ್ನ ಸಂಕಲನ ಕೊಠಡಿಗೆ ಬದಿಯಡ್ಕದ ಕಡೆಯಿಂದ ಕೆಲಸ ಕಲಿಯಲು ಬರುವ ಹುಡುಗನೊಬ್ಬ ಕಳೆದ ವಾರ ನೋಟ್‌ಬುಕ್ ತೆರೆದು ತೋರಿಸಿದ. ಮಾರ್ವೆಲ್‌ನ ಸೂಪರ್‌ಹೀರೊ ಚಿತ್ರಗಳಲ್ಲಿ ತಾನು ಪತ್ತೆ ಹಚ್ಚಿದ ಗುಟ್ಟುಗಳ ಪಟ್ಟಿ ಅದು. ಗೋಡೆಯ ಭಿತ್ತಿಪತ್ರಗಳು, ಮೇಜಿನ ಮೇಲಿನ ಫೈಲುಗಳು, ಮಾರ್ವೆಲ್ ಕಾಮಿಕ್ಸ್‌ನ ಲೇಖಕ ಸ್ಟಾನ್ ಲೀ ಬಂದುಹೋಗುವ ಕ್ಷಣಗಳು, ಎಲ್ಲವೂ ಇದ್ದವು. ಕಣ್ಣು ನಿಜಕ್ಕೂ ಚುರುಕು. ಆದರೆ 2015ರ ‘ಏಜ್ ಆಫ್ ಅಲ್ಟ್ರಾನ್’ ಎದುರು ‘ಸುತ್ತಿಗೆ ಅಲುಗುತ್ತದೆ’ ಎಂದಷ್ಟೇ ಬರೆದಿದ್ದ.

ಆ ದೃಶ್ಯವನ್ನು ಇಬ್ಬರೂ ಕುಳಿತು ಮತ್ತೆ ನೋಡಿದೆವು. ಔತಣಕೂಟದಲ್ಲಿ ಒಬ್ಬೊಬ್ಬರಾಗಿ, ಅರ್ಹರಿಗೆ ಮಾತ್ರ ಎತ್ತಲು ಬರುವ ಥೋರ್‌ನ ಸುತ್ತಿಗೆಯನ್ನು ಎತ್ತಲು ಹೋಗಿ ಸೋಲುತ್ತಾರೆ. ಸೋಫಾದಲ್ಲಿ ಒರಗಿ ಥೋರ್ ನಗುತ್ತಿರುತ್ತಾನೆ. ಕ್ಯಾಪ್ಟನ್ ಅಮೆರಿಕ ಹಿಡಿಯನ್ನು ಎಳೆಯುತ್ತಾನೆ. ಸುತ್ತಿಗೆ ಕೂದಲೆಳೆಯಷ್ಟು ಕದಲುತ್ತದೆ. ತಕ್ಷಣ ಕಟ್: ಥೋರ್‌ನ ನಗು ಆರಿದೆ. ಕ್ಯಾಪ್ಟನ್ ಕೈಬಿಟ್ಟ ಮೇಲೆ ಹೋದ ಜೀವ ಬಂದಂತೆ ಮತ್ತೆ ನಗುತ್ತಾನೆ. ಸುತ್ತಿಗೆ ಕದಲಿದ್ದು ಬರೀ ಒಂದು ಸಂಗತಿ. ಅದನ್ನು ನಾಲ್ಕು ವರ್ಷ ನಮ್ಮ ಮನಸ್ಸಿನಲ್ಲಿ ಉಳಿಸಿದ್ದು ಆ ಮುಖ. 2019ರ ‘ಎಂಡ್‌ಗೇಮ್’ನಲ್ಲಿ ಸುತ್ತಿಗೆ ಕ್ಯಾಪ್ಟನ್‌ನ ಕೈಗೆ ಹಾರಿ ಬಂದಾಗ ‘ನನಗೆ ಗೊತ್ತಿತ್ತು’ ಎಂದು ಕೂಗುವವನೂ ಥೋರನೇ. ಅಂದು ಕಂಡವನೇ ಇಂದು ಸಾಕ್ಷಿ ಹೇಳುತ್ತಾನೆ.

ಹಿನ್ನೆಲೆಯಲ್ಲಿ ಬಚ್ಚಿಟ್ಟ ಗುರುತು ಬೇರೆ, ಕಥೆಯ ಮರುದನಿ ಬೇರೆ. ಗುರುತು ತಪ್ಪಿದರೂ ಕಥೆಗೆ ನಷ್ಟವಿಲ್ಲ. ಮರುದನಿಗೆ ಮಾತ್ರ ಮೊದಲೊಮ್ಮೆ ಯಾರಾದರೂ ಕಿವಿಗೊಟ್ಟಿರಬೇಕು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಳಮದ್ದಳೆಯಲ್ಲಿ ಎದುರಾಳಿ ಆಡಿದ ಒಂದು ಮಾತನ್ನು ಅರ್ಥಧಾರಿ ಗಂಟೆ ಕಳೆದ ಮೇಲೆ ಎತ್ತಿ ಅವನತ್ತಲೇ ತಿರುಗಿಸಿದಾಗ ಇಡೀ ಸಭೆ ತಲೆದೂಗುತ್ತದೆಯಲ್ಲ, ಅದೇ ಇದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ಸುತ್ತಮುತ್ತ ಬೆಳೆದವರಿಗೆ ಈ ಕಿವಿ ಹುಟ್ಟಿನಿಂದಲೇ ಬಂದಿರುತ್ತದೆ.

ಕೆಲವೊಮ್ಮೆ ಎರಡೂ ಒಂದೇ ಕಡೆ ಕೂಡುತ್ತವೆ. 2014ರ ‘ವಿಂಟರ್ ಸೋಲ್ಜರ್’ನಲ್ಲಿ ಕ್ಯಾಪ್ಟನ್ ಲಿಫ್ಟಿನೊಳಗೆ, ಗುಟ್ಟಾಗಿ ಹೈಡ್ರಾ ಎಂಬ ದುಷ್ಟಕೂಟಕ್ಕೆ ಸೇರಿದ ಶತ್ರುಗಳೊಡನೆ ಹೊಡೆದಾಡುತ್ತಾನೆ. ‘ಎಂಡ್‌ಗೇಮ್’ನಲ್ಲಿ ಮತ್ತೆ ಲಿಫ್ಟು, ಮತ್ತೆ ಅವೇ ಮುಖಗಳು, ಹೊಡೆದಾಟಕ್ಕೆ ನಾವು ಸಿದ್ಧರಾಗಿದ್ದರೆ ಅವನು ಬಾಗಿ ‘ಹೇಲ್ ಹೈಡ್ರಾ’ ಎಂದು ಅವರದೇ ಘೋಷಣೆಯನ್ನು ಪಿಸುಗುಟ್ಟುತ್ತಾನೆ. ಹಳೆಯ ಚಿತ್ರವನ್ನು ನೋಡಿದವರಿಗೆ ಅಷ್ಟೇ ಸಾಕು. 2016ರ ಕಾಮಿಕ್ಸ್‌ನಲ್ಲಿ ಕ್ಯಾಪ್ಟನ್ ಇದೇ ಮಾತನ್ನಾಡಿ ಓದುಗರನ್ನು ಕಂಗೆಡಿಸಿದ್ದ ಎಂದು ಬಲ್ಲವರಿಗೆ ಇನ್ನೊಂದು ಪದರವೂ ತೆರೆಯುತ್ತದೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಚೀಸ್‌ಬರ್ಗರ್. 2008ರ ‘ಐರನ್ ಮ್ಯಾನ್’ನಲ್ಲಿ ಸೆರೆಯಿಂದ ಪಾರಾಗಿ ಬಂದ ನಾಯಕ ಟೋನಿ ಮೊದಲು ಕೇಳುವುದು ಅದನ್ನೇ. ಆಗ ಕಾರು ಓಡಿಸಿದವನು ಹ್ಯಾಪಿ. ಹನ್ನೊಂದು ವರ್ಷಗಳ ಬಳಿಕ, ‘ಎಂಡ್‌ಗೇಮ್’ನಲ್ಲಿ ಟೋನಿಯ ಅಂತಿಮ ವಿದಾಯದ ದಿನ, ಅದೇ ಹ್ಯಾಪಿ ಟೋನಿಯ ಪುಟ್ಟ ಮಗಳ ಪಕ್ಕದಲ್ಲಿ ಕುಳಿತು ಏನು ತಿನ್ನುತ್ತೀ ಎಂದು ಕೇಳುತ್ತಾನೆ. ಅವಳೂ ಚೀಸ್‌ಬರ್ಗರ್ ಎನ್ನುತ್ತಾಳೆ. ನಿನ್ನ ಅಪ್ಪನಿಗೂ ಅದು ಇಷ್ಟವಾಗಿತ್ತು ಎನ್ನುವಾಗ ಅವನ ದನಿ ತಗ್ಗುತ್ತದೆ. ಹ್ಯಾಪಿಯ ಪಾತ್ರ ಮಾಡಿದ ಜಾನ್ ಫಾವ್ರೊ ಅವರೇ ಮೊದಲ ಚಿತ್ರದ ನಿರ್ದೇಶಕರು. ಹಳೆಯ ದೃಶ್ಯದ ಒಂದು ಚೂರನ್ನೂ ಅಲ್ಲಿ ಸೇರಿಸಿಲ್ಲ. ಸೇರಿಸುವ ಆಸೆ ಎಷ್ಟು ಬಲವಾದದ್ದು ಎಂಬುದು ಸಂಕಲನದ ಟೈಮ್‌ಲೈನ್ ಮುಂದೆ ಕುಳಿತವರಿಗೆ ಗೊತ್ತು.

ಹುಡುಗ ತಾನೇ ಒಂದು ಕಿರುಚಿತ್ರ ಮಾಡುತ್ತಿದ್ದಾನೆ. ತೀರಿಹೋದ ಅಜ್ಜಿಯ ಅಡಕತ್ತರಿ ಮೊಮ್ಮಗಳ ಕೈಗೆ ಸಿಗುವಲ್ಲಿ ಅಜ್ಜಿ ಅಡಿಕೆ ಹೋಳು ಮಾಡುವ ಆರು ಸೆಕೆಂಡುಗಳ ಫ್ಲ್ಯಾಶ್‌ಬ್ಯಾಕ್ ಹಾಕಿದ್ದ. ಅಂದು ಸಂಜೆ ಅದನ್ನು ತಾನೇ ಕತ್ತರಿಸಿ ತೆಗೆದ. ಮೊಮ್ಮಗಳು ಕತ್ತರಿಯನ್ನು ಒಮ್ಮೆ ಅದುಮುವ ‘ಕಟಕ್’ ಸದ್ದನ್ನು ಮಾತ್ರ ಉಳಿಸಿಕೊಂಡ.