ಗುಪ್ತ ಇಮೇಲ್ ತೆರೆದರೂ ಸಹಿಯ ಮೇಲೆ ಪ್ರಶ್ನಾರ್ಥಕ ಏಕೆ?

ಇಮೇಲ್ ತಂತ್ರಾಂಶ ಥಂಡರ್‌ಬರ್ಡ್‌ಗೆ ಎನ್‌ಕ್ರಿಪ್ಟ್ ಆದ, ಅಂದರೆ ಗೂಢಲಿಪಿಗೆ ತಿರುಗಿಸಿದ, ಇಮೇಲ್ ಬಂದಿದೆ. ಸಲೀಸಾಗಿ ತೆರೆದುಕೊಂಡಿದೆ, ಒಕ್ಕಣೆಯೂ ಸರಿಯಾಗಿದೆ. ಆದರೆ ‘ಓಪನ್‌ಪಿಜಿಪಿ’ (ಇಮೇಲ್ ಗುಪ್ತವಾಗಿಸುವ, ಸಹಿ ಹಾಕುವ ಪದ್ಧತಿ) ಗುಂಡಿ ಒತ್ತಿದರೆ ‘ಅನ್‌ಸರ್ಟನ್ ಡಿಜಿಟಲ್ ಸಿಗ್ನೇಚರ್’, ಅಂದರೆ ಸಹಿ ಖಚಿತವಿಲ್ಲ, ಎಂಬ ಸಾಲು. ಇಷ್ಟು ಭದ್ರವಾಗಿ ಬಂದ ಪತ್ರಕ್ಕೆ ಸಹಿಯದೇನು ತಕರಾರು ಎಂದು ಹಲವರು ಅದನ್ನು ಅಲ್ಲಿಗೇ ಬಿಡುತ್ತಾರೆ. ಬಿಡಬಾರದು. ಪತ್ರ ಎನ್‌ಕ್ರಿಪ್ಟ್ ಆಗಿದೆ ಎಂದಮಾತ್ರಕ್ಕೆ ಕಳಿಸಿದವರು ಯಾರೆಂದು ಗೊತ್ತಾಗುವುದಿಲ್ಲ. ನಿಮ್ಮ ಸಾರ್ವಜನಿಕ ಕೀಲಿ ದೇವಸ್ಥಾನದ ಹುಂಡಿಯಂತೆ: ಹಾಕುವವರು ಯಾರಾದರೂ ಆಗಬಹುದು, ತೆಗೆಯುವ ಬೀಗದ ಕೈ, ಅಂದರೆ ಖಾಸಗಿ ಕೀಲಿ, ಒಬ್ಬರ ಬಳಿ ಮಾತ್ರ. ಹಾಕಿದವರು ಯಾರೆಂದು ಹೇಳಬಲ್ಲದ್ದು ಸಹಿ.

ಸಹಿ ಮಾಡುವಾಗ ತಂತ್ರಾಂಶ ಇಡೀ ಪತ್ರದಿಂದ ಹ್ಯಾಶ್ ಎಂಬ ಸಂಖ್ಯೆ ತೆಗೆಯುತ್ತದೆ. ಒಂದು ಅಲ್ಪವಿರಾಮ ಬದಲಾದರೂ ಈ ಸಂಖ್ಯೆ ಬೇರೆಯೇ ಆಗುತ್ತದೆ. ಅದಕ್ಕೆ ಕಳಿಸುವವರ ಖಾಸಗಿ ಕೀಲಿಯ ಸಹಿ ಬೀಳುತ್ತದೆ. ಪರಿಶೀಲಿಸಲು ನಿಮಗೆ ಅವರ ಸಾರ್ವಜನಿಕ ಕೀಲಿ ಬೇಕು. ಲೆಕ್ಕ ತಾಳೆಯಾಗುತ್ತದೆಯೇ ಎಂಬುದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಆ ಕೀಲಿ ಅವರದೇ ಹೌದೇ ಎಂಬುದನ್ನು ಮಾತ್ರ ನೀವೇ ತೀರ್ಮಾನಿಸಬೇಕು. ಪ್ರಶ್ನಾರ್ಥಕದ ಅರ್ಥ ಇವೆರಡರಲ್ಲಿ ಒಂದು ಇನ್ನೂ ಬಾಕಿಯಿದೆ ಎಂದಷ್ಟೇ. ಸಹಿ ಸುಳ್ಳು ಎಂದಲ್ಲ.

ಹೆಚ್ಚಾಗಿ ಕಾಣುವ ತೊಂದರೆ, ಕೀಲಿಯೇ ಇಲ್ಲದಿರುವುದು. ಅದೇ ಕಿಟಕಿಯಲ್ಲಿ ಸಹಿ ಮಾಡಿದ ಕೀಲಿಯ ಐಡಿ ಇರುತ್ತದೆ, ನಕಲು ಮಾಡಿಕೊಳ್ಳಿ. ಟೂಲ್ಸ್ ಮೆನುವಿನಿಂದ ಓಪನ್‌ಪಿಜಿಪಿ ಕೀ ಮ್ಯಾನೇಜರ್ ತೆರೆದು, ಕೀಸರ್ವರ್ (ಸಾರ್ವಜನಿಕ ಕೀಲಿಗಳನ್ನು ಹಂಚುವ ಸರ್ವರ್) ಮೆನುವಿನಲ್ಲಿ ಆ ಐಡಿ ಅಥವಾ ಇಮೇಲ್ ವಿಳಾಸ ಕೊಟ್ಟು ಹುಡುಕಿ. ಇಲ್ಲಿ ಮೂರು ಕಡೆ ಎಡವಬಹುದು. 2020ರಲ್ಲಿ ಬಂದ 78ನೇ ಆವೃತ್ತಿಯಿಂದ ಥಂಡರ್‌ಬರ್ಡ್ ತನ್ನದೇ ಕೀಲಿ ಸಂಗ್ರಹ ಇಟ್ಟುಕೊಂಡಿದೆ. ಓಪನ್‌ಪಿಜಿಪಿಯ ಇನ್ನೊಂದು ತಂತ್ರಾಂಶವಾದ ಗ್ನೂಪಿಜಿಗೆ ಸೇರಿಸಿದ ಕೀಲಿ ತಾನಾಗಿ ಅಲ್ಲಿಗೆ ಬರುವುದಿಲ್ಲ. ಇನ್ನು, ಕಳಿಸುವವರು ಸಹಿಗೆಂದೇ ಹೊಸ ಉಪಕೀಲಿ (ಮೂಲ ಕೀಲಿಗೆ ಸೇರಿಸಿದ ಇನ್ನೊಂದು ಕೀಲಿ) ಮಾಡಿಕೊಂಡಿದ್ದರೆ, ಪಟ್ಟಿಯಲ್ಲಿ ಅವರ ಹೆಸರಿದ್ದರೂ ‘ಕೀಲಿ ಇಲ್ಲ’ ಎಂದೇ ಬರುತ್ತದೆ. ನಿಮ್ಮಲ್ಲಿರುವುದು ಹಳೆಯ ಪ್ರತಿ, ಹೊಸದನ್ನು ತರಿಸಬೇಕು. ಮೂರನೆಯದು ಕೀಸ್ ಡಾಟ್ ಓಪನ್‌ಪಿಜಿಪಿ ಡಾಟ್ ಆರ್ಗ್ ಸರ್ವರಿನ ನಿಯಮ: ಮಾಲೀಕರು ತಮ್ಮ ವಿಳಾಸವನ್ನು ಇಮೇಲ್ ಮೂಲಕ ದೃಢಪಡಿಸುವ ತನಕ ಅದು ಹೆಸರು, ವಿಳಾಸ ಕಿತ್ತ ಬರೀ ಕೀಲಿಯನ್ನು ಕೊಡುತ್ತದೆ. ಅಂಥದ್ದನ್ನು ಗ್ನೂಪಿಜಿ ‘ನೋ ಯೂಸರ್ ಐಡಿ’ ಎಂದು ಪಕ್ಕಕ್ಕಿಡುತ್ತದೆ. ಪೂರ್ಣ ಕೀಲಿಯನ್ನು ಅವರಿಂದಲೇ ಕೇಳಿ ಪಡೆಯುವುದು ವಾಸಿ.

ಕೀಲಿ ಸಿಕ್ಕಿತು. ನಿಜವಾದ ಕೆಲಸ ಈಗ. ಗ್ನೂಪಿಜಿ ಈ ಹಂತದಲ್ಲಿ ‘ಗುಡ್ ಸಿಗ್ನೇಚರ್’ ಎಂದು ಹೇಳಿ, ಕೆಳಗೆ ಎಚ್ಚರಿಕೆಯೊಂದನ್ನೂ ಮುದ್ರಿಸುತ್ತದೆ: ಈ ಕೀಲಿ ಆ ಹೆಸರಿನವರದೇ ಎನ್ನಲು ಆಧಾರ ಇಲ್ಲ ಎಂದು. ಎರಡೂ ನಿಜ. ಇ-ಆಧಾರ್ ಪಿಡಿಎಫ್‌ನ ಹಳದಿ ಪ್ರಶ್ನಾರ್ಥಕವೂ ಇದೇ ಜಾತಿಯದು. ಸಹಿ ಕೆಟ್ಟಿರುವುದಿಲ್ಲ, ಅದರ ಹಿಂದಿನ ಪ್ರಮಾಣಪತ್ರವನ್ನು ನಿಮ್ಮ ತಂತ್ರಾಂಶ ಇನ್ನೂ ನಂಬಿರುವುದಿಲ್ಲ. ಥಂಡರ್‌ಬರ್ಡ್‌ನಲ್ಲಿ ಕೀಲಿಯ ವಿವರ ತೆರೆದರೆ ನಾಲ್ಕು ಆಯ್ಕೆಗಳಿರುತ್ತವೆ: ತಿರಸ್ಕರಿಸು, ಆಮೇಲೆ ನೋಡೋಣ, ಪರಿಶೀಲಿಸದೆ ಒಪ್ಪು, ಪರಿಶೀಲಿಸಿ ಒಪ್ಪು. ಹಸಿರು ಗುರುತು ಬರಲೆಂದು ಸೀದಾ ಕೊನೆಯದನ್ನು ಒತ್ತುವವರೇ ಬಹಳ. ಅದೂ ಅದೇ ಪತ್ರಕ್ಕೆ ಲಗತ್ತಿಸಿ ಬಂದ ಕೀಲಿಗೆ! ಕಳ್ಳನೂ ತನ್ನ ಕೀಲಿಯನ್ನು ಹಾಗೆಯೇ ಲಗತ್ತಿಸುತ್ತಾನೆ.

ಪರಿಶೀಲನೆ ಎಂದರೆ ಕೀಲಿಯ ಫಿಂಗರ್‌ಪ್ರಿಂಟ್, ಅಂದರೆ ಅದನ್ನು ಗುರುತಿಸುವ ಅಂಕಿ-ಅಕ್ಷರಗಳ ಸಾಲು, ತಾಳೆ ನೋಡುವುದು. ಈಗ ಹೆಚ್ಚು ಬಳಕೆಯಲ್ಲಿರುವ 4ನೇ ಆವೃತ್ತಿಯ ಕೀಲಿಗಳಲ್ಲಿ ಅದು 40 ಅಕ್ಷರ, ನಾಲ್ಕು ನಾಲ್ಕರಂತೆ ಹತ್ತು ಗುಂಪು. ಮೊದಲಿಂದ ನಿಮ್ಮಲ್ಲಿರುವ ನಂಬರಿಗೆ ಫೋನ್ ಮಾಡಿ (ಪತ್ರದ ಕೊನೆಯಲ್ಲಿ ಬರೆದ ನಂಬರಿಗಲ್ಲ), ಅವರು ಓದಲಿ, ನೀವು ನೋಡಿಕೊಳ್ಳಿ. ಕೊನೆಯ ಎಂಟು ಅಕ್ಷರ ಸಾಕು ಎಂಬ ಹಳೆಯ ರೂಢಿ ಈಗ ಸಲ್ಲದು: ಅಷ್ಟು ಹೊಂದುವ ನಕಲಿ ಕೀಲಿಯನ್ನು ಸಾಮಾನ್ಯ ಗ್ರಾಫಿಕ್ಸ್ ಕಾರ್ಡಿನಿಂದ ತಯಾರಿಸಬಹುದೆಂದು 2014ರಲ್ಲೇ ತೋರಿಸಲಾಗಿತ್ತು. 2016ರಲ್ಲಿ ಲಿನಕ್ಸ್‌ನ ಜನಕ ಲೈನಸ್ ಟೊರ್ವಾಲ್ಡ್ಸ್ ಹೆಸರಿನಲ್ಲೇ ಅಂಥ ನಕಲಿ ಸಿಕ್ಕಿತು.

ಇನ್ನು ಕೆಂಪು ಗುರುತು, ಅಂದರೆ ‘ಇನ್‌ವ್ಯಾಲಿಡ್’. ಬರೀ ಸಹಿ ಇರುವ, ಎನ್‌ಕ್ರಿಪ್ಟ್ ಆಗದ ಪತ್ರದಲ್ಲಿ ಇದಕ್ಕೆ ಸಾಮಾನ್ಯ ಕಾರಣ ದಾರಿಯಲ್ಲಿನ ಸರ್ವರುಗಳು: ಅಡಿಟಿಪ್ಪಣಿ ಸೇರಿಸುವುದು, ಸಾಲಿನ ಕೊನೆಯ ಖಾಲಿ ಜಾಗ ಕತ್ತರಿಸುವುದು. ಎನ್‌ಕ್ರಿಪ್ಟ್ ಆದ ಪತ್ರಕ್ಕೆ ಈ ಸಮಜಾಯಿಷಿ ಹೊಂದುವುದಿಲ್ಲ. ಸಹಿ ಗೂಢಲಿಪಿಯ ಒಳಗಿರುತ್ತದೆ. ಹೊರಗಿಂದ ಯಾರಾದರೂ ಕೈಯಾಡಿಸಿದರೆ ಸಾಮಾನ್ಯವಾಗಿ ಪತ್ರವೇ ತೆರೆಯುವುದಿಲ್ಲ. ಹಾಗಾಗಿ ಬೇರೆ ಕಡೆ ನೋಡಬೇಕು. ಕಳಿಸುವವರ ತಂತ್ರಾಂಶ ಹಳೆಯದಾಗಿ ಎಸ್‌ಎಚ್‌ಎ-1 ಎಂಬ ಹಳೆಯ ಹ್ಯಾಶ್ ವಿಧಾನ ಬಳಸುತ್ತಿರಬಹುದು. 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಶೋಧನಾ ಸಂಸ್ಥೆಯ ಸಂಶೋಧಕರು ಒಂದೇ ಎಸ್‌ಎಚ್‌ಎ-1 ಹ್ಯಾಶ್ ಇರುವ ಎರಡು ಬೇರೆ ಪಿಡಿಎಫ್‌ಗಳನ್ನು ಮಾಡಿ ತೋರಿಸಿದ ಮೇಲೆ ಅದರ ಮೇಲಿನ ಭರವಸೆ ಹೋಯಿತು. ತಂತ್ರಾಂಶ ನವೀಕರಿಸಿ ಮತ್ತೆ ಕಳಿಸಲು ಹೇಳಿ. ಕೀಲಿಯ ಅವಧಿ ಮುಗಿದಂತೆ ಕಂಡರೆ ಮಾಲೀಕರು ಅದನ್ನು ವಿಸ್ತರಿಸಿರಬಹುದು. ಕೀಲಿಯ ಹೊಸ ಪ್ರತಿ ತರಿಸಿದರೆ ಸರಿಹೋಗುತ್ತದೆ.

ಕಳಿಸಿದ ವಿಳಾಸ ಮತ್ತು ಕೀಲಿಯಲ್ಲಿರುವ ವಿಳಾಸ ಬೇರೆಯಾದರೂ ಥಂಡರ್‌ಬರ್ಡ್ ತಕರಾರು ಮಾಡುತ್ತದೆ. ಕಚೇರಿಯ ಕೀಲಿಯಿಂದ ಸಹಿ ಮಾಡಿ ಮನೆಯ ವಿಳಾಸದಿಂದ ಕಳಿಸಿದರೆ ಹೀಗಾಗುತ್ತದೆ. ಆದರೂ ಹಗುರವಾಗಿ ತೆಗೆದುಕೊಳ್ಳಬೇಡಿ: ಒಬ್ಬರು ನಿಮ್ಮ ಸ್ನೇಹಿತರಿಂದ ಪಡೆದ ಪತ್ರವನ್ನು ಸಹಿಸಮೇತ ನಿಮಗೆ ಹೊಸದಾಗಿ ಎನ್‌ಕ್ರಿಪ್ಟ್ ಮಾಡಿ ಕಳಿಸಬಹುದು, ಒಳಗಿನ ಸಹಿ ಆಗಲೂ ಅಸಲಿಯೇ.

ಕೊನೆಗೆ, ಒಂದೊಂದು ಸಲ ತಪ್ಪು ನಿಮ್ಮ ಗಡಿಯಾರದ್ದು. ಹಳೆಯ ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲಿರುವ ಬಿಲ್ಲೆಯಂಥ ಸಿಆರ್2032 ಬ್ಯಾಟರಿ ಸತ್ತರೆ ದಿನಾಂಕ ವರ್ಷಗಟ್ಟಲೆ ಹಿಂದೆ ಸರಿಯುತ್ತದೆ, ಕೀಲಿ ‘ಭವಿಷ್ಯದಲ್ಲಿ’ ಹುಟ್ಟಿದಂತೆ ಕಾಣುತ್ತದೆ. ಬ್ಯಾಟರಿ ಬದಲಿಸಿ ದಿನಾಂಕ ಸರಿಪಡಿಸಿ ಅದೇ ಪತ್ರವನ್ನು ಮತ್ತೆ ತೆರೆಯಿರಿ. ಕಳಿಸಿದವರನ್ನು ಕೇಳುವ ಅಗತ್ಯವಿಲ್ಲ.